ಟ್ರೈನಿ ಸಾಲಿಸಿಟರ್ ಅರ್ಜಿ: 19 ರಿಜೆಕ್ಷನ್ ಆಯ್ತು, ಎಲ್ಲಿ ಎಡವ್ತಿದೀನಿ ಹೇಳಿ

ತೀರ್ಥಹಳ್ಳಿ_ಟು_ಲೀಡ್ಸ್

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡಿದ್ದೆ, ಇವತ್ತು ಬೆಳಿಗ್ಗೆ 19ನೇ ರಿಜೆಕ್ಷನ್ ಮೇಲ್ ಬಂದ್ಮೇಲೆ ಬರೆದೇ ಬಿಡೋಣ ಅನ್ನಿಸ್ತು. ಐದು ವರ್ಷದ ಲಾ ಮುಗ್ಸಿ, ಎನ್ರೋಲ್ ಆಗಿ, ವಕೀಲಿಕೆಗೆ ಬೇಕಾದ ಎಐಬಿಇ ಪರೀಕ್ಷೆ ಪಾಸ್ ಮಾಡಿ, ಬೆಂಗ್ಳೂರಲ್ಲಿ ಒಬ್ರು ಸೀನಿಯರ್ ಹತ್ರ ಮೂರು ವರ್ಷ ಜೂನಿಯರ್ ಆಗಿದ್ದೆ, ಹೆಚ್ಚಾಗಿ ಸಿಟಿ ಸಿವಿಲ್ ಕೋರ್ಟು, ಆಗಾಗ ಮೇಯೋ ಹಾಲು. ಈ ಸೆಪ್ಟೆಂಬರಿಂದ ಲೀಡ್ಸಲ್ಲಿ ಎಲ್‌ಎಲ್‌ಎಂ. ಲಂಡನ್ ಫರ್ಮ್‌ಗಳಿಗೆ ವೆಕೇಶನ್ ಸ್ಕೀಮು (ರಜೆಯಲ್ಲಿ ಫರ್ಮಲ್ಲಿ ಕೆಲಸ ಮಾಡಿ ನೋಡೋದು), ಟ್ರೈನಿಂಗ್ ಕಾಂಟ್ರಾಕ್ಟು ಎರಡಕ್ಕೂ ಹಾಕ್ತಾ ಇದೀನಿ. 14 ಕಡೆ ಮೊದಲ ಅರ್ಜಿಯಲ್ಲೇ ಔಟು, 4 ಕಡೆ ವಾಟ್ಸನ್ ಗ್ಲೇಸರ್ ಅನ್ನೋ ತರ್ಕದ ಟೆಸ್ಟಲ್ಲಿ ಔಟು, ಒಂದು ವಿಡಿಯೋ ಇಂಟರ್‌ವ್ಯೂವರೆಗೆ ಹೋಗಿ ಅಲ್ಲಿ ಮಾತೇ ಬರ್ಲಿಲ್ಲ, ಲ್ಯಾಪ್‌ಟಾಪಲ್ಲಿ ಟೈಮರ್ ಓಡ್ತಿದೆ, ನಾನು ಸುಮ್ನೆ ಅದನ್ನ ನೋಡ್ತಾ ಕೂತಿದೀನಿ.

ಇಲ್ಲಿ ದಾಟಿ ಹೋದೋರು ಯಾರಾದ್ರೂ ಇದ್ರೆ ನನ್ನ ತಪ್ಪೇನು ಹೇಳ್ತೀರಾ? ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗ್ದು ಕಳ್ಸಿದಾರೆ, ಅದಕ್ಕೇ ಸ್ವಲ್ಪ ಗಾಬರಿ.

ಸುಮ್ನೆ_ಓದ್ತೀನಿ

ಅಕ್ಕಾ ನಾನು ಮೂರನೇ ವರ್ಷದ ಲಾ, ಹುಬ್ಳಿ. ದಡ್ಡ ಪ್ರಶ್ನೆ, ನೀವು ಆಗ್ಲೇ ಅಡ್ವೊಕೇಟ್ ಅಲ್ವಾ, ಮತ್ತೆ ಟ್ರೈನಿ ಯಾಕೆ?

ಕೆನರಿ_ವಾರ್ಫ್_ಗೌಡ

ದಡ್ಡ ಪ್ರಶ್ನೆ ಅಲ್ಲ ತಮ್ಮ, ಈ ಥ್ರೆಡ್ಡಲ್ಲಿ ಮೊದ್ಲು ಕೇಳ್ಬೇಕಾಗಿದ್ದೇ ಅದು. ನಮ್ಮಲ್ಲಿ ವಕೀಲರು ಅಂದ್ರೆ ಎಲ್ಲಾ ಒಂದೇ. ಇಂಗ್ಲೆಂಡಲ್ಲಿ ಕಕ್ಷಿದಾರನ ಜೊತೆ ಕೂತು ಕಾಗದ ಪತ್ರ, ಡೀಲು, ಕೇಸು ನಡ್ಸೋರು ಸಾಲಿಸಿಟರು, ಕೋರ್ಟಲ್ಲಿ ವಾದಕ್ಕೆ ಹೆಚ್ಚಾಗಿ ನಿಲ್ಲೋರು ಬ್ಯಾರಿಸ್ಟರು, ಎರಡಕ್ಕೂ ದಾರಿ ಬೇರೆ. ಸಾಲಿಸಿಟರ್ ಆಗೋಕೆ 2021 ಸೆಪ್ಟೆಂಬರಿಂದ ಎಸ್‌ಕ್ಯೂಇ ಅಂತ ಪರೀಕ್ಷೆ ಬಂದಿದೆ. ಮೊದಲ ಭಾಗ 360 ಎಂಸಿಕ್ಯೂ, ದಿನಕ್ಕೆ 180ರಂತೆ ಎರಡು ದಿನ. ಎರಡನೇ ಭಾಗ 16 ಸ್ಟೇಷನ್ನು, ಅಂದ್ರೆ 16 ಬಿಡಿ ಟಾಸ್ಕು, 12 ಬರೆಯೋದು, 4 ಬಾಯಲ್ಲಿ. ಇದರ ಜೊತೆ ಎರಡು ವರ್ಷದ ಕೆಲಸದ ಅನುಭವ ಬೇಕು, ಅದನ್ನೇ ಕ್ಯೂಡಬ್ಲ್ಯೂಇ ಅಂತಾರೆ. ಟ್ರೈನಿಂಗ್ ಕಾಂಟ್ರಾಕ್ಟ್ ಅನ್ನೋದು ಆ ಎರಡು ವರ್ಷನ ಒಂದೇ ಫರ್ಮಲ್ಲಿ, ಸಾಮಾನ್ಯವಾಗಿ ಆರಾರು ತಿಂಗ್ಳ ನಾಲ್ಕು ಸೀಟಲ್ಲಿ (ಒಂದೊಂದು ಇಲಾಖೆಯ ಸರದಿಗೆ ಸೀಟು ಅಂತಾರೆ) ಮುಗ್ಸೋ ಹಳೇ ಪದ್ಧತಿ.

ಈಗ ತೀರ್ಥಹಳ್ಳಿ ಮೇಡಂ, ನಿಮ್ಗೆ. ಬೇರೆ ದೇಶದಲ್ಲಿ ಆಗ್ಲೇ ಕ್ವಾಲಿಫೈ ಆದ ವಕೀಲರಿಗೆ ಆ ಎರಡು ವರ್ಷದ ಅನುಭವ ತೋರ್ಸೋ ನಿಯಮ ಇಲ್ಲ. ಎಸ್‌ಕ್ಯೂಇ ಎರಡೂ ಪಾಸ್ ಮಾಡಿ, ಸಾಲಿಸಿಟರುಗಳ ನಿಯಂತ್ರಣ ಸಂಸ್ಥೆ ಎಸ್‌ಆರ್‌ಎ ಕೇಳೋ ನಡತೆ ಪರಿಶೀಲನೆ ದಾಟಿದ್ರೆ ರೋಲ್‌ಗೆ, ಅಂದ್ರೆ ಸಾಲಿಸಿಟರುಗಳ ಪಟ್ಟಿಗೆ, ಹೆಸ್ರು ಬರುತ್ತೆ. ನಿಮ್ಗೆ ಇದು ಗೊತ್ತಿತ್ತಾ?

ತೀರ್ಥಹಳ್ಳಿ_ಟು_ಲೀಡ್ಸ್

ಅರ್ಧ ಗೊತ್ತಿತ್ತು ಸರ್. ಆದ್ರೆ ಪರೀಕ್ಷೆ ಫೀಸ್ ನೋಡಿ ಆ ಪೇಜ್ ಮುಚ್ಬಿಟ್ಟೆ.

ಧಾರವಾಡ_ಪೇಡಾ

ಫೀಸ್ ಬಗ್ಗೆ ನಾ ಹೇಳ್ತೀನಿ, ಕಿಸೆ ಖಾಲಿ ಮಾಡ್ಕೊಂಡಾಂವ ನಾ ಅದೀನಿ. 2021ರಾಗ ಶುರು ಆದಾಗ ಎರಡೂ ಕೂಡಿ 3,980 ಪೌಂಡ್ ಇತ್ತು, 2024ರ ಹೊತ್ತಿಗೆ 4,790 ಆತು, ಮುಂದನೂ ಏರಾಕ ಹತ್ತೇತಿ. ಇದು ಬರೇ ಪರೀಕ್ಷಾದ್ದು, ಕೋಚಿಂಗ್ ರೊಕ್ಕ ಬ್ಯಾರೆ. ದೊಡ್ಡ ಫರ್ಮಿನವ್ರು ತಮ್ಮ ಟ್ರೈನಿಗಳಿಗೆ ಫೀಸು, ಕೋಚಿಂಗು, ಮ್ಯಾಲೆ ಖರ್ಚಿಗೂ ಕೊಡ್ತಾರ, ಅದಕ್ಕ ಎಲ್ಲಾರೂ ಅಲ್ಲೇ ಮುಗಿಬೀಳ್ತಾರ.

ನಾ ಬರ್ಮಿಂಗ್‌ಹ್ಯಾಮಿನಾಗ ಪ್ಯಾರಾಲೀಗಲ್, ಅಂದ್ರ ಸಾಲಿಸಿಟರ್ ಕೈ ಕೆಳಗಿನ ಸಹಾಯಕ. ಟ್ರೈನಿಂಗ್ ಕಾಂಟ್ರಾಕ್ಟ್ ಸಿಗಲಿಲ್ಲ, ಅಳಕೋತ ಕುಂದ್ರಲಿಲ್ಲ, ಎರಡು ವರ್ಷದ ಕೆಲಸನ ನಾಕು ಸಂಸ್ಥೆ ತನಕ ಹಂಚಿ ತೋರಿಸಬಹುದು ಅಂತ ನಿಯಮ ಐತಲ್ಲ, ಅದನ್ನ ಹಿಡದೆ. ಪುಕ್ಕಟೆ ಕಾನೂನು ಸಲಹಾ ಕೊಡೋ ಒಂದು ಲಾ ಸೆಂಟರಿನಾಗ ಎಂಟು ತಿಂಗಳು, ಉಳಿದದ್ದು ಈಗಿನ ಫರ್ಮಿನಾಗ. ಎಸ್‌ಕ್ಯೂಇ ಮೊದಲನೇದು 2024 ಜುಲೈನಾಗ ಕುಂತೆ, ಆವತ್ತು ಪಾಸಾದವ್ರು ನೂರಕ್ಕ 44 ಮಂದಿ, ಆ 44ರಾಗ ನಾ ಇರಲಿಲ್ಲ. ಎರಡನೇ ಸಲಕ್ಕ ಆತು. ಆರು ವರ್ಷದಾಗ ಮೂರು ಸಲ ಅಷ್ಟ ಅವಕಾಶ, ಅದನ್ನ ತಲ್ಯಾಗ ಇಟ್ಕೊಳ್ರಿ. ಮ್ಯಾಲೆ ಇನ್ನೊಂದು, 2024 ಜನವರಿ ಪರೀಕ್ಷಾದಾಗ ಲೆಕ್ಕಾ ತಪ್ಪಿ 175 ಮಂದಿಗೆ ಪಾಸಾಗಿದ್ರೂ ಫೇಲ್ ಅಂತ ಹೇಳಿ ಆಮ್ಯಾಲೆ ತಿದ್ದಿದ್ರು. ಅಂಥಾ ಪರೀಕ್ಷಾ ಇದು.

ವಾಪಸ್_ಬಂದವ

ನೇರವಾಗಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಾನೂ ಎಲ್‌ಎಲ್‌ಎಂ ಮಾಡಿ, ಒಂದೂವರೆ ವರ್ಷ ಅಲೆದು, ವಾಪಸ್ ಬೆಂಗ್ಳೂರಿಗೆ ಬಂದೆ. ಲೆಕ್ಕ ಹಾಕಿ ನೋಡಿ. ದೊಡ್ಡ ಫರ್ಮುಗಳು ಎರಡು ವರ್ಷ ಮುಂಚೆನೇ ಆಯ್ಕೆ ಮಾಡ್ತಾರೆ. ಈಗ ಹಾಕಿದ್ರೆ ಕೆಲಸ ಶುರು 2028 ಅಂತಿಟ್ಕೊಳ್ಳಿ. ಓದು ಮುಗಿದ್ಮೇಲೆ ಸಿಗೋ ಗ್ರಾಜುಯೇಟ್ ವೀಸಾ ಎರಡು ವರ್ಷ, ಅದೂ 2027 ಜನವರಿ 1ರಿಂದ ಅರ್ಜಿ ಹಾಕೋರಿಗೆ 18 ತಿಂಗ್ಳು. ಮಧ್ಯದಲ್ಲಿ ಏನ್ ತಿಂತೀರಾ? ಫರ್ಮ್ ಸ್ಪಾನ್ಸರ್ ಮಾಡ್ಬೇಕಾದ ಸ್ಕಿಲ್ಡ್ ವರ್ಕರ್ ವೀಸಾಗೆ ಸಂಬಳದ ಕನಿಷ್ಠ ಮಿತಿ 2025 ಜುಲೈಯಿಂದ 41,700 ಪೌಂಡ್. ಊರಿನ ಮುಖ್ಯರಸ್ತೆಯಲ್ಲಿರೋ ಚಿಕ್ಕ ಫರ್ಮ್ ಅಷ್ಟು ಕೊಡಲ್ಲ, ಅವ್ರಿಗೆ ಸ್ಪಾನ್ಸರ್ ಲೈಸೆನ್ಸೂ ಇರಲ್ಲ. ತೋಟದ ಮೇಲೆ ಸಾಲ ಅಂತೀರಾ, ಅದಕ್ಕೇ ಹೇಳ್ತಿದೀನಿ.

ಕೆನರಿ_ವಾರ್ಫ್_ಗೌಡ

ನಿಮ್ಮ ಲೆಕ್ಕ ಮುಕ್ಕಾಲು ಸರಿ. ಕಾಲು ಭಾಗ ಸೇರಿಸ್ತೀನಿ. 41,700 ಅನ್ನೋದು ಸಾಮಾನ್ಯ ಮಿತಿ, ಹೊಸದಾಗಿ ವೃತ್ತಿಗೆ ಬರೋರಿಗೆ 33,400 ಇದೆ, ಸ್ಟೂಡೆಂಟ್ ವೀಸಾದಿಂದ ಬದಲಾಯಿಸೋರು ಹೆಚ್ಚಾಗಿ ಇದ್ರಲ್ಲಿ ಬರ್ತಾರೆ. ಮೇಡಂ ಕೋರ್ಸ್ ಮುಂದಿನ ಸೆಪ್ಟೆಂಬರಿಗೆ ಮುಗಿದು ರಿಸಲ್ಟ್ ಬಂದು ವೀಸಾ ಅರ್ಜಿನೂ 2026 ಡಿಸೆಂಬರೊಳಗೆ ಹಾಕಿದ್ರೆ ಹಳೇ ಎರಡು ವರ್ಷನೇ ಸಿಗುತ್ತೆ, ಸೋ ಆ ತಾರೀಖಿನ ಮೇಲೆ ಕಣ್ಣಿಡಿ. ಮಧ್ಯದ ಗ್ಯಾಪಿಗೆ ಊರಿಗೆ ಹೋಗಿ ಪ್ರಾಕ್ಟೀಸ್ ಮಾಡ್ಕೊಂಡಿದ್ದು ಶುರುವಾಗೋ ಹೊತ್ತಿಗೆ ಫರ್ಮ್ ಸ್ಪಾನ್ಸರ್‌ಶಿಪ್ಪಲ್ಲಿ ವಾಪಸ್ ಬಂದೋರು ನನ್ನ ಬ್ಯಾಚಲ್ಲೇ ಇಬ್ರಿದ್ರು.

ಅರ್ಜಿ ಹಾಕೋ ಮುಂಚೆ ಮಾಡ್ಬೇಕಾದ ಒಂದೇ ಕೆಲಸ: ಸರ್ಕಾರದ ವೆಬ್‌ಸೈಟಲ್ಲಿ ಲೈಸೆನ್ಸ್ ಇರೋ ಸ್ಪಾನ್ಸರ್‌ಗಳ ಪಟ್ಟಿ ಇದೆ, ಫರ್ಮ್ ಹೆಸ್ರು ಅದ್ರಲ್ಲಿ ಹುಡುಕಿ. ಇಲ್ದಿದ್ರೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಿ, ಉತ್ತರ ಬರೋವರೆಗೂ ಫಾರಂ ತುಂಬ್ಬೇಡಿ. ಒಂದು ಅರ್ಜಿಗೆ ಎರಡು ದಿನ ಹೋಗುತ್ತೆ, ಆ ಎರಡು ದಿನ ಉಳಿಯುತ್ತೆ.

ಅದೆಲ್ಲ ಇರ್ಲಿ ಮೇಡಂ, 14 ಕಡೆ ಮೊದಲ ಹಂತದಲ್ಲೇ ಔಟು ಅಂದ್ರೆ ರೋಗ ಬರವಣಿಗೆಯಲ್ಲಿದೆ. ನಿಮ್ಮ ಕವರ್ ಲೆಟರಿಂದ ಒಂದು ಪ್ಯಾರಾ ಹಾಕಿ.

ತೀರ್ಥಹಳ್ಳಿ_ಟು_ಲೀಡ್ಸ್

ಇಂಗ್ಲಿಷಲ್ಲಿರೋದನ್ನ ಕನ್ನಡದಲ್ಲಿ ಹೇಳ್ತೀನಿ, ನಗ್ಬೇಡಿ. "ನಿಮ್ಮ ಸಂಸ್ಥೆಯ ಜಾಗತಿಕ ಖ್ಯಾತಿ, ಉನ್ನತ ದರ್ಜೆಯ ತರಬೇತಿ ಹಾಗೂ ಸಹಕಾರದ ವಾತಾವರಣ ನನ್ನನ್ನು ಬಹಳವಾಗಿ ಸೆಳೆದಿದೆ. ಕಾರ್ಪೊರೇಟ್ ಕಾನೂನಿನಲ್ಲಿ ನನಗೆ ಅಪಾರ ಆಸಕ್ತಿ ಇದ್ದು, ಸವಾಲಿನ ಕೆಲಸಗಳಲ್ಲಿ ತೊಡಗಿಕೊಳ್ಳಲು ಉತ್ಸುಕಳಾಗಿದ್ದೇನೆ. ಭಾರತದಲ್ಲಿ ಮೂರು ವರ್ಷ ವಕೀಲಿ ವೃತ್ತಿಯ ಅನುಭವವೂ ಇದೆ."

ಕುಡ್ಲದ_ಕುವರ

ಮಾರಾಯ್ರೆ ಇದು ಮದುವೆ ಕಾಗದದ ಹಾಗೆ ಉಂಟಲ್ಲ! ಪ್ರಿಂಟಿಂಗ್ ಪ್ರೆಸ್ಸಿನವನ ಹತ್ರ ರೆಡಿ ಇರ್ತದೆ, ಗಂಡು ಹೆಣ್ಣಿನ ಹೆಸರು ಬದಲಾಯಿಸಿದ್ರೆ ಆಯ್ತು.

ಕೆನರಿ_ವಾರ್ಫ್_ಗೌಡ

ಕುವರ ಹೇಳಿದ್ದು ತಮಾಷೆ ಅಲ್ಲ, ನಾವು ಅರ್ಜಿ ಓದ್ವಾಗ ಮಾಡೋದೇ ಅದು. ಫರ್ಮ್ ಹೆಸ್ರು ತೆಗ್ದು ಪಕ್ಕದ ಫರ್ಮ್ ಹೆಸ್ರು ಹಾಕಿ ನೋಡ್ತೀವಿ, ವಾಕ್ಯ ಹಾಗೇ ನಿಂತ್ರೆ ಅದು ಯಾರಿಗೂ ಬರೆದಿದ್ದಲ್ಲ.

ಫರ್ಮ್‌ಗಳು ನಿಜವಾಗ್ಲೂ ಬೇರೆ ಬೇರೆ. ಸ್ಲಾಟರ್ ಅಂಡ್ ಮೇ ದೇಶದೇಶದಲ್ಲಿ ಆಫೀಸ್ ತೆಗೆಯಲ್ಲ, ಹೊರದೇಶದ ಕೆಲಸಕ್ಕೆ ಅಲ್ಲಿನ ಒಳ್ಳೇ ಫರ್ಮ್‌ಗಳ ಜೊತೆ ಸ್ನೇಹ ಇಟ್ಕೊಂಡು ಮಾಡುತ್ತೆ. ಕ್ಲಿಫರ್ಡ್ ಚಾನ್ಸ್, ಲಿಂಕ್‌ಲೇಟರ್ಸ್ ತಮ್ದೇ ಆಫೀಸ್‌ಗಳ ಜಾಲ ಹರಡಿಕೊಂಡಿವೆ. ಅಲೆನ್ ಅಂಡ್ ಓವರಿ 2024 ಮೇನಲ್ಲಿ ಅಮೆರಿಕದ ಶರ್ಮನ್ ಅಂಡ್ ಸ್ಟರ್ಲಿಂಗ್ ಜೊತೆ ಸೇರ್ಕೊಂಡು ಎ ಅಂಡ್ ಓ ಶರ್ಮನ್ ಆಯ್ತು. ಈ ಮೂರು ನಮೂನೆಯಲ್ಲಿ ಟ್ರೈನಿ ದಿನ ಹೇಗಿರುತ್ತೆ, ಕಕ್ಷಿದಾರರು ಯಾರಿರ್ತಾರೆ, ನಂಗೆ ಯಾವ್ದು ಒಗ್ಗುತ್ತೆ ಅಂತ ಯೋಚ್ನೆ ಮಾಡಿ ಬರೆದ್ರೆ ಅದು "ಯಾಕೆ ಈ ಫರ್ಮ್" ಅನ್ನೋದಕ್ಕೆ ಉತ್ತರ.

ಆದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಕೊನೇ ವಾಕ್ಯ ನೋಡಿ. ಮೂರು ವರ್ಷ ಕೋರ್ಟಲ್ಲಿ ನಿಂತು ಬಂದೋರು ಅದನ್ನ ಉಪ್ಪಿನಕಾಯಿ ಥರ ಎಲೆ ತುದಿಗೆ ಹಾಕಿದೀರಲ್ಲ, ಯಾಕೆ?

ತೀರ್ಥಹಳ್ಳಿ_ಟು_ಲೀಡ್ಸ್

ನಾಚಿಕೆ ಸರ್, ಇನ್ನೇನು. ಕ್ಲಾಸಲ್ಲಿ ಇಲ್ಲಿನ ಹುಡುಗ್ರು ಎಂ ಅಂಡ್ ಎ (ಕಂಪನಿ ಕೊಳ್ಳೋದು, ಸೇರ್ಸೋದು), ಪ್ರೈವೇಟ್ ಈಕ್ವಿಟಿ ಅಂತ ಮಾತಾಡ್ವಾಗ ನಾನು ಪಾಲುಪಾರಿಕತ್ತು ದಾವೆ, ಇಂಜಂಕ್ಷನ್ನು, ಬೆಳಿಗ್ಗೆ ಹತ್ತೂವರೆಗೆ ಕೇಸ್ ಕೂಗೋವಾಗ ಎರಡು ಹಾಲ್ ಮಧ್ಯೆ ಓಡಿದ್ದು, ಇದನ್ನ ಹೇಗೆ ಹೇಳೋದು ಅನ್ಸುತ್ತೆ. ಸೀನಿಯರ್ ಕೊಡ್ತಿದ್ದ ಸ್ಟೈಪೆಂಡು ಬಸ್ ಪಾಸು ಊಟಕ್ಕೆ ಸರಿ ಹೋಗ್ತಿತ್ತು. ಇದೆಲ್ಲಾ ಲಂಡನ್ ಪಾರ್ಟ್‌ನರ್‌ಗೆ ಯಾಕೆ ಬೇಕು?

ಕೆನರಿ_ವಾರ್ಫ್_ಗೌಡ

ಒಂದು ಕೇಸ್ ಹೇಳಿ. ನಿಮ್ಮ ಕೈಯಿಂದ ಏನಾದ್ರೂ ಬದಲಾಯ್ತು ಅನ್ನೋ ಥರದ್ದು.

ತೀರ್ಥಹಳ್ಳಿ_ಟು_ಲೀಡ್ಸ್

ಒಂದಿದೆ. ನೆಲಮಂಗಲ ಕಡೆ ಜಮೀನು, ಹನ್ನೊಂದು ಜನ ಪ್ರತಿವಾದಿಗಳು, ಎಲ್ಲಾ ಅಣ್ಣತಮ್ಮಂದಿರ ಮಕ್ಳು. ರಾಜಿಗೆ ಬಂತು, ಮಾರನೇ ದಿನ ಕಾಂಪ್ರಮೈಸ್ ಪಿಟಿಷನ್ ಹಾಕ್ಬೇಕು. ರಾತ್ರಿ ನಾನು ವಂಶವೃಕ್ಷ ಇಟ್ಕೊಂಡು ಪಹಣಿ, ಇಸಿ (ಋಣಭಾರ ಪತ್ರ) ಎಲ್ಲಾ ಮತ್ತೆ ತಾಳೆ ನೋಡ್ತಿದ್ದೆ, ಇಸಿಯಲ್ಲಿ ಒಂದು ಸರ್ವೆ ನಂಬರ್ ಮೇಲೆ ಸೊಸೈಟಿಗೆ ಅಡಮಾನ ಇರೋದು ಕಾಣಿಸ್ತು, ರಾಜಿ ಕಾಗದದಲ್ಲಿ ಅದರ ಸುದ್ದಿನೇ ಇಲ್ಲ, ಆ ಪಾಲು ನಮ್ಮ ಕಕ್ಷಿದಾರ ಅಜ್ಜನಿಗೆ ಬರ್ತಿತ್ತು. ಸೀನಿಯರ್‌ಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡ್ದೆ, ಬೈದ್ರು, ಆಮೇಲೆ ಬೆಳಿಗ್ಗೆ ಬೇಗ ಬಾ ಅಂದ್ರು. ಕೋರ್ಟ್ ಕಾರಿಡಾರಲ್ಲಿ ಅಜ್ಜನ್ನ ಕೂರಿಸಿ ಇದು ಸಾಲದ ಹೊರೆ ಇರೋ ಜಮೀನು, ನಿಮ್ಮ ತಲೆ ಮೇಲೆ ಬರುತ್ತೆ ಅಂತ ಬಿಡಿಸಿ ಹೇಳ್ದೆ. ಸಾಲ ಯಾರು ತೀರಿಸ್ಬೇಕು ಅಂತ ಹೊಸ ಷರತ್ತು ಸೇರಿಸಿ ಎರಡು ವಾರ ಬಿಟ್ಟು ಹಾಕಿದ್ವಿ.

ಕುಡ್ಲದ_ಕುವರ

ಅಯ್ಯೋ ದೇವರೇ, ಇದು ಡ್ಯೂ ಡಿಲಿಜೆನ್ಸ್ ಅಲ್ವಾ! ನಾನು ಈಗ ಎರಡನೇ ಸೀಟಿನಲ್ಲಿ ಕಾರ್ಪೊರೇಟ್‌ನಲ್ಲಿ ಇದ್ದೇನೆ, ದಿನಾ ಮಾಡುವುದು ಇದೇ. ಕಂಪನಿ ಕೊಳ್ಳುವ ಮೊದಲು ಅದರ ಮೇಲೆ ಯಾವ ಸಾಲ ಉಂಟು, ಯಾರ ಹಕ್ಕು ಉಂಟು ನೋಡುವುದು, ಸಿಕ್ಕಿದ್ರೆ ಕಕ್ಷಿದಾರನಿಗೆ ಅರ್ಥ ಆಗುವ ಹಾಗೆ ಹೇಳುವುದು, ಆ ಸಾಲದ ಹೊರೆ ಮಾರುವವನೇ ಹೊತ್ತುಕೊಳ್ಳುವ ಹಾಗೆ ಇಂಡೆಮ್ನಿಟಿ ಬರೆಸುವುದು. ನೀವು ಅಜ್ಜನಿಗೆ ಬರೆಸಿದ್ದು ಹೆಚ್ಚುಕಮ್ಮಿ ಅದೇ. ಎಷ್ಟೋ ಹುಡುಗರು ಡಿಬೇಟ್ ಕ್ಲಬ್ಬಿನ ಕಥೆ ಹಿಡ್ಕೊಂಡು ಬರ್ತಾರೆ.

ಧಾರವಾಡ_ಪೇಡಾ

ಅಕ್ಕಾರ, ಸ್ಟಾರ್ ಪದ್ಧತಿ ಅಂತ ಎಲ್ಲಾ ಕಡೆ ಹೇಳ್ತಾರಲ್ಲ, ಸನ್ನಿವೇಶ, ಹೊಣೆ, ಮಾಡಿದ್ದು, ಫಲ, ನಿಮ್ಮ ಕಥಿ ಹಂಗ ಬಂದು ಕುಂತೈತಿ ನೋಡ್ರಿ. ಒಂದ ಮಾತು, ಸನ್ನಿವೇಶಕ್ಕ ಎರಡು ವಾಕ್ಯ ಸಾಕು, ಹನ್ನೊಂದು ಮಂದಿ ಪ್ರತಿವಾದಿ ಹೆಸರು ಹೇಳಾಕ ಹೋಗಬ್ಯಾಡ್ರಿ. "ನಾವು" ಅನ್ನೋದು ಬಿಟ್ಟು "ನಾ" ಅನ್ರಿ, ನಮ್ಮ ಮಂದಿಗೆ ಅದ ದೊಡ್ಡ ತ್ರಾಸು, ಹಿರ್ಯಾರ ಮುಂದ ನಾ ಮಾಡಿದೆ ಅನ್ನಾಕ ನಾಲಿಗಿ ಏಳಂಗಿಲ್ಲ.

ವಾಪಸ್_ಬಂದವ

ಇದು ಚೆನ್ನಾಗಿದೆ, ಒಪ್ತೀನಿ. ಆದ್ರೂ ಅರ್ಜಿ ಓದೋನಿಗೆ ಪಹಣಿ ಏನು ಅಂತ ಗೊತ್ತಿರಲ್ಲ.

ಕೆನರಿ_ವಾರ್ಫ್_ಗೌಡ

ಪಹಣಿ ಅನ್ಬೇಡಿ, ಜಮೀನಿನ ದಾಖಲೆ ಅನ್ನಿ, ಮುಗೀತು. ಅಜ್ಜನಿಗೆ ಅಡಮಾನ ಅರ್ಥ ಮಾಡ್ಸಿದೋರಿಗೆ ಪಾರ್ಟ್‌ನರ್‌ಗೆ ಪಹಣಿ ಅರ್ಥ ಮಾಡ್ಸೋಕಾಗಲ್ವಾ?

ಕಮರ್ಷಿಯಲ್ ಅವೇರ್ನೆಸ್, ಅಂದ್ರೆ ವ್ಯಾಪಾರ ಜಗತ್ತಿನ ತಿಳುವಳಿಕೆ, ಅಂತ ಇನ್ನೊಂದು ಭೂತ ಇದೆಯಲ್ಲ, ಅದಕ್ಕೂ ಇದೇ ಮಾತು. ಎಲ್ರೂ ಪೇಪರ್ ಹೆಡ್‌ಲೈನ್ ಉರು ಹೊಡ್ಕೊಂಡು ಬರ್ತಾರೆ. ನಿಮ್ಗೆ ಹತ್ರ ಇರೋದನ್ನ ಹಿಡೀರಿ. ಮಲ್ಯ ವಿಷಯ ತಗೊಳ್ಳಿ, ಗಾಸಿಪ್ ಅಲ್ಲ, ಕಾನೂನು. ಕಿಂಗ್‌ಫಿಷರ್ ಸಾಲಕ್ಕೆ ಸ್ಟೇಟ್ ಬ್ಯಾಂಕ್ ಮುಂದಾಳತ್ವದ ಬ್ಯಾಂಕುಗಳು 2017 ಜನವರಿಯಲ್ಲಿ ಬೆಂಗ್ಳೂರಿನ ಡಿಆರ್‌ಟಿಯಲ್ಲಿ (ಸಾಲ ವಸೂಲಾತಿ ಟ್ರಿಬ್ಯುನಲ್) ತೀರ್ಪು ಪಡೆದ್ರು. ಅದೇ ತೀರ್ಪನ್ನ ಲಂಡನ್ ಹೈಕೋರ್ಟಲ್ಲಿ ನೋಂದಾಯಿಸಿದ್ರು, ಆಸ್ತಿ ಮಾರದ ಹಾಗೆ ವಿಶ್ವವ್ಯಾಪಿ ಫ್ರೀಜಿಂಗ್ ಆರ್ಡರ್ ತಂದ್ರು, 2018ರಲ್ಲಿ ಅದನ್ನ ತೆಗೆಸೋಕೆ ಮಲ್ಯ ಮಾಡಿದ ಪ್ರಯತ್ನ ಬಿದ್ದೋಯ್ತು, 2021 ಜುಲೈಯಲ್ಲಿ ದಿವಾಳಿ ಆದೇಶ ಆಯ್ತು, 2025 ಏಪ್ರಿಲಲ್ಲಿ ಅದರ ಮೇಲಿನ ಅಪೀಲೂ ಹೋಯ್ತು. ಬೆಂಗ್ಳೂರಿನ ಒಂದು ಟ್ರಿಬ್ಯುನಲ್ ಕಾಗದ ಲಂಡನ್ನಲ್ಲಿ ಹೇಗೆ ದುಡ್ಡಾಗುತ್ತೆ, ಅಡಮಾನ ಹಿಡ್ಕೊಂಡಿರೋ ಬ್ಯಾಂಕ್ ದಿವಾಳಿ ಅರ್ಜಿ ಹಾಕಿದ್ರೆ ಏನ್ ತೊಡಕು, ಇದ್ರಲ್ಲಿ ಫರ್ಮ್‌ನ ಯಾವ್ಯಾವ ಇಲಾಖೆಗೆ ಕೆಲಸ ಬರುತ್ತೆ, ಇಷ್ಟು ಹೇಳಿದ್ರೆ ಇಂಟರ್‌ವ್ಯೂ ಅರ್ಧ ಗಂಟೆ ಅದ್ರಲ್ಲೇ ಹೋಗುತ್ತೆ. ಆದ್ರೆ ಆಳವಾಗಿ ಓದ್ದೆ ಬಾಯಿ ಬಿಡ್ಬೇಡಿ, ಮೂರನೇ ಪ್ರಶ್ನೆಗೆ ಸಿಕ್ಕಾಕೊಳ್ತೀರಾ.

ಸುಮ್ನೆ_ಓದ್ತೀನಿ

ವಾಟ್ಸನ್ ಗ್ಲೇಸರ್ ಬಗ್ಗೆ ಯಾರೂ ಹೇಳ್ಲಿಲ್ಲ

ಕುಡ್ಲದ_ಕುವರ

40 ಪ್ರಶ್ನೆ, 30 ನಿಮಿಷ. ಬುದ್ಧಿವಂತರೇ ಹೆಚ್ಚು ಬೀಳ್ತಾರೆ, ಯಾಕೆಂದ್ರೆ ಅವರಿಗೆ ಗೊತ್ತಿರುವುದನ್ನೆಲ್ಲ ತಂದು ಹಾಕ್ತಾರೆ. ಪ್ಯಾರಾದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಅಂತ ತಿಳ್ಕೊಳ್ಳಬೇಕು. ಅಸಂಪ್ಷನ್ ವಿಭಾಗದಲ್ಲಿ ಒಂದು ಉಪಾಯ, ಕೊಟ್ಟ ಊಹೆಯನ್ನು ಉಲ್ಟಾ ಮಾಡಿ ನೋಡಿ, ಮೂಲ ಮಾತು ಕುಸಿದು ಬಿದ್ರೆ ಆ ಊಹೆ ಅದರಲ್ಲಿ ಅಡಗಿತ್ತು ಅಂತ ಅರ್ಥ. ಇನ್‌ಫರೆನ್ಸ್ (ಪ್ಯಾರಾದಿಂದ ಈ ತೀರ್ಮಾನ ಹೊರಡ್ತದಾ ಅನ್ನುವ) ವಿಭಾಗದಲ್ಲಿ "ಮಾಹಿತಿ ಸಾಲದು" ಅನ್ನುವ ಆಯ್ಕೆ ಒತ್ತಲು ಹೆದರಬೇಡಿ. ವಕೀಲರಿಗೆ ಮಾಹಿತಿ ಸಾಲದು ಅನ್ನಲು ಮನಸ್ಸು ಬರುವುದಿಲ್ಲ, ನನಗೂ ಬರ್ತಿರ್ಲಿಲ್ಲ.

ಅಸೆಸ್ಮೆಂಟ್ ಸೆಂಟರ್, ಅಂದ್ರೆ ಫರ್ಮಿನವರು ಕರೆಸಿ ಮಾಡುವ ಕೊನೆಯ ಸುತ್ತು, ಅದರ ಬಗ್ಗೆಯೂ ಹೇಳಿ ಬಿಡ್ತೇನೆ. ನನ್ನದ್ರಲ್ಲಿ ಗುಂಪಿನಲ್ಲಿ ಒಂದು ನೆಗೋಷಿಯೇಷನ್, ಕಕ್ಷಿದಾರನಿಗೆ ಒಂದು ಇಮೇಲ್ ಬರೆಯುವುದು, ಒಂದು ದಪ್ಪ ಕಾಗದದ ಕಟ್ಟು ಕೊಟ್ಟು ಒಂದು ಗಂಟೆ ಓದಿ ಪಾರ್ಟ್‌ನರ್ ಮುಂದೆ ಹೇಳುವುದು, ಆಮೇಲೆ ಇಂಟರ್‌ವ್ಯೂ. ಆ ಕಟ್ಟಿಗೇ ಕೇಸ್ ಸ್ಟಡಿ ಅನ್ನುವುದು, ಅದರಲ್ಲಿ ಬಹಳ ಸಲ ಬರುವುದು ಷೇರು ಕೊಳ್ಳುವುದಾ ಆಸ್ತಿ ಕೊಳ್ಳುವುದಾ ಅನ್ನುವ ಪ್ರಶ್ನೆ. ನಾನು ಹೋಟೆಲಿನ ಲೆಕ್ಕದಲ್ಲಿ ನೆನಪಿಟ್ಕೊಂಡದ್ದು. ನಮ್ಮ ಕಡೆ ಒಬ್ಬ ಹೋಟೆಲ್ ಮಾರ್ತಾನೆ. ಗ್ರೈಂಡರ್, ಪಾತ್ರೆ, ಬೋರ್ಡು, ಜಾಗದ ಲೀಸು ಅಂತ ಆರಿಸಿ ಕೊಂಡ್ರೆ ಅವನ ಹಳೆಯ ಸಾಲ ಹೆಚ್ಚಾಗಿ ಅವನ ಹತ್ರವೇ ಉಳಿತದೆ, ಆದ್ರೆ ಒಂದೊಂದನ್ನೂ ಬೇರೆ ಬೇರೆ ವರ್ಗಾಯಿಸಬೇಕು, ಇಂಗ್ಲೆಂಡಿನಲ್ಲಾದ್ರೆ ಕೆಲಸದವರು ಟ್ಯೂಪಿ ನಿಯಮದ ಪ್ರಕಾರ ಜೊತೆಗೇ ಬರ್ತಾರೆ. ಇಡೀ ಕಂಪನಿಯ ಷೇರನ್ನೇ ಕೊಂಡ್ರೆ ಒಂದೇ ಸಹಿಗೆ ಎಲ್ಲ ಬಂತು, ತೆರಿಗೆ ಬಾಕಿಯೂ ಬಂತು, ಕೋರ್ಟಿನಲ್ಲಿರುವ ಕೇಸೂ ಬಂತು. ಮತ್ತೆ ಲೀಸಿನಲ್ಲಿ "ಮಾಲಿಕತ್ವ ಬದಲಾದ್ರೆ ಜಾಗ ಬಿಡಬೇಕು" ಅಂತ ಒಂದು ಸಾಲು ಎಲ್ಲೋ ಮೂಲೆಯಲ್ಲಿ ಇಟ್ಟಿರ್ತಾರೆ, ಅದನ್ನು ಹುಡುಕಲಿಕ್ಕೇ ಆ ಕಟ್ಟು ಕೊಡುವುದು.

ಊಟಕ್ಕೆ ಟ್ರೈನಿಗಳ ಜೊತೆ ಕೂರಿಸ್ತಾರೆ, ಇದಕ್ಕೆ ಮಾರ್ಕ್ಸ್ ಇಲ್ಲ ಅಂತಾರೆ. ನಂಬಬೇಡಿ ಅಂತ ಹೇಳುವುದಿಲ್ಲ, ವೇಟರ್ ಹತ್ರ ಥ್ಯಾಂಕ್ಸ್ ಹೇಳಿ ಅಷ್ಟೇ.

ಧಾರವಾಡ_ಪೇಡಾ

ಮತ್ತ ಅರ್ಜಿ ಚಾಟ್‌ಜಿಪಿಟಿ ಕಡೆ ಬರಸಬ್ಯಾಡ್ರಿ. 2025 ಜೂನಿನಾಗ ಅಯಿಂಡೆ ಕೇಸಿನಾಗ ಹೈಕೋರ್ಟು ಇಲ್ಲದ ತೀರ್ಪು ಉಲ್ಲೇಖ ಮಾಡಿದ ವಕೀಲರಿಗೆ ಗಟ್ಟಿ ಎಚ್ಚರಿಕಿ ಕೊಟ್ಟೈತಿ, ಆಗಿಂದ ಎಐ ಬಗ್ಗೆ ಪ್ರಶ್ನೆ ಕೇಳೋದು ಜಾಸ್ತಿ ಆಗೇತಿ. ಆ ಕೇಸು ಓದಕೊಂಡು ಹೋಗ್ರಿ.

ತೀರ್ಥಹಳ್ಳಿ_ಟು_ಲೀಡ್ಸ್

ಏಳು ವಾರ ಆದ್ಮೇಲೆ ಬರೀತಿದೀನಿ, ಕ್ಷಮಿಸಿ. ಹಳೇ ಲೆಟರ್ ಡಿಲೀಟ್ ಮಾಡಿ ಬರೀ ನಾಲ್ಕು ಕಡೆ ಹಾಕ್ದೆ, ನಾಲ್ಕೂ ಸ್ಪಾನ್ಸರ್ ಪಟ್ಟಿಯಲ್ಲಿರೋವು. ಅಜ್ಜನ ಕಥೆಯಿಂದಾನೇ ಶುರು ಮಾಡಿದ್ದೆ. ಎರಡು ಕಡೆ ಟೆಸ್ಟ್ ಪಾಸು. ಒಂದು ಕಡೆ ವಿಡಿಯೋನೂ ದಾಟ್ತು, ಈ ಸಲ ಟೈಮರ್ ಮೇಲೆ ಹಳದಿ ಚೀಟಿ ಅಂಟಿಸ್ಕೊಂಡು ಕೂತಿದ್ದೆ. ಅಸೆಸ್ಮೆಂಟ್ ಸೆಂಟರಿಗೆ ಲಂಡನ್‌ಗೆ ಹೋಗಿ ಬಂದೆ.

ಪಾರ್ಟ್‌ನರ್ ಒಬ್ರು ವಯಸ್ಸಾದ ಹೆಂಗಸು, ಬೆಂಗ್ಳೂರಲ್ಲಿ ಒಬ್ಬ ಜಡ್ಜ್ ಮುಂದೆ ದಿನಕ್ಕೆ ಎಷ್ಟು ಕೇಸ್ ಇರುತ್ತೆ ಅಂತ ಕೇಳಿದ್ರು. ಪಟ್ಟಿ ಎಷ್ಟುದ್ದ ಅಂತ ಹೇಳ್ದಾಗ ಪೆನ್ ಕೆಳಗಿಟ್ಟು ಹಾಗಾದ್ರೆ ನಿಮ್ಮ ಕೇಸನ್ನ ಜಡ್ಜ್ ಕೇಳೋ ಹಾಗೆ ಹೇಗೆ ಮಾಡ್ತಿದ್ರಿ ಅಂದ್ರು. ಅರ್ಧ ನಿಮಿಷದಲ್ಲಿ ವಿಷಯ ಹೇಳೋದು ಕಲೀತೀವಿ ಮೇಡಂ, ಇಲ್ದಿದ್ರೆ ಮುಂದಿನ ತಾರೀಖೇ ಗತಿ ಅಂದೆ. ನಕ್ಕರು. ಅಜ್ಜನ ಕಥೆಗೆ ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿದ್ರು, ಸೊಸೈಟಿಯವ್ರು ಒಪ್ದೇ ಇದ್ದಿದ್ರೆ ಏನ್ ಮಾಡ್ತಿದ್ರಿ ಅಂತ ಕೂಡ.

ನಿನ್ನೆ ಮೇಲ್ ಬಂತು. ಇಲ್ಲ ಅಂತ. ಫೋನಲ್ಲಿ ಫೀಡ್‌ಬ್ಯಾಕ್ ಕೊಟ್ರು: ಇಂಟರ್‌ವ್ಯೂ ಚೆನ್ನಾಗಿತ್ತು, ಕೇಸ್ ಸ್ಟಡಿಯಲ್ಲಿ ಮೊದಲ ಹತ್ತು ಪುಟಕ್ಕೇ ನಲವತ್ತು ನಿಮಿಷ ಕಳೆದೆ, ಕುವರ ಹೇಳಿದ ಆ ಲೀಸಿನ ಸಾಲು ಹದಿನೇಳನೇ ಪುಟದಲ್ಲಿತ್ತು, ನಾನು ಅಲ್ಲಿಗೆ ಹೋಗ್ಲೇ ಇಲ್ಲ.

ಕುಡ್ಲದ_ಕುವರ

ಛೆ. ಮುಂದಿನ ಸಲ ಮೊದಲ ಐದು ನಿಮಿಷ ಬರೀ ಪುಟ ತಿರುಗಿಸಿ, ಓದಬೇಡಿ, ಎಲ್ಲಿ ಏನು ಉಂಟು ಅಂತ ಪೆನ್ಸಿಲಿನಲ್ಲಿ ಗುರ್ತು ಹಾಕಿ. ಇಸಿ ನೋಡುವಾಗ ನೀವು ಮೊದಲನೇ ಸಾಲಿಂದ ಓದ್ತಿದ್ರಾ?

ತೀರ್ಥಹಳ್ಳಿ_ಟು_ಲೀಡ್ಸ್

ಇಲ್ಲ, ನೇರ ಅಡಮಾನದ ಕಾಲಮ್ಮಿಗೇ ಹೋಗ್ತಿದ್ದೆ. ಅರ್ಥ ಆಯ್ತು.

ಎಸ್‌ಕ್ಯೂಇ ಮೊದಲನೇದಕ್ಕೆ ಜುಲೈಗೆ ಕೂರೋಣ ಅಂತ ತೀರ್ಮಾನ ಮಾಡಿದೀನಿ, ಅಪ್ಪನ ಹತ್ರ ಕೇಳಲ್ಲ, ವಾರಕ್ಕೆ 20 ಗಂಟೆ ಬೇಕರಿ ಕೆಲಸ ಹಿಡಿದಿದೀನಿ. ಇನ್ನೊಂದು ಫರ್ಮ್‌ನದ್ದು 31ಕ್ಕೆ ಕೊನೇ ದಿನ. ಡ್ರಾಫ್ಟ್ ಇವತ್ತು ರಾತ್ರಿ ಇಲ್ಲೇ ಹಾಕ್ಲಾ?

ಧಾರವಾಡ_ಪೇಡಾ

ಹಾಕ್ರಿ. ನಂದು ಡ್ಯೂಟಿ ಏಳಕ್ಕ ಮುಗೀತೈತಿ, ಉಂಡು ಕುಂತು ನೋಡ್ತೀನಿ.

ವಾಪಸ್_ಬಂದವ

ನಂಗೂ ಟ್ಯಾಗ್ ಮಾಡಿ. ಕಾಗುಣಿತ, ಫರ್ಮ್ ಹೆಸ್ರು ಎರಡೂ ನೋಡ್ತೀನಿ. ನಾನು ಒಂದ್ಸಲ ಪಕ್ಕದ ಫರ್ಮ್ ಹೆಸ್ರೇ ಹಾಗೇ ಬಿಟ್ಟು ಕಳ್ಸಿದ್ದೆ.